ಸೆಂಡ್ ಆಫ್‌ಗೆ ಬಾರದ ನಾಲ್ಕು ಜನ: ಹತ್ತನೇ ಕ್ಲಾಸಿನ ವಿದಾಯದ ಲೆಕ್ಕ



ಈ ಸಲದ ಎಪಿಸೋಡ್ ಹುಟ್ಟಿದ್ದು ಒಂದು ಮೆಸೇಜ್‌ನಿಂದ. ಶಿವಮೊಗ್ಗದ ಹತ್ತನೇ ಕ್ಲಾಸ್ ಹುಡುಗಿಯೊಬ್ಬಳು ಕೇಳಿದ್ದಳು: "ಅಣ್ಣಾ, ನಮ್ಮ ಕ್ಲಾಸಲ್ಲಿ ಸೆಂಡ್ ಆಫ್‌ಗೆ ತಲಾ 500 ರೂಪಾಯಿ ಅಂತ ಮಾಡಿದಾರೆ. ಸೀರೆ ಬೇರೆ ಉಡಬೇಕಂತೆ. ಮನೇಲಿ ಕೇಳೋಕೆ ಮನಸ್ಸಾಗ್ತಿಲ್ಲ. ಹೋಗದೇ ಇದ್ರೆ ಏನಾಗುತ್ತೆ?"

'ಏನೂ ಆಗಲ್ಲ' ಅಂತ ಟೈಪ್ ಮಾಡಿದೆ. ಆಮೇಲೆ ಅಳಿಸಿದೆ. ಯಾಕಂದ್ರೆ ಹೀಗೇ ಸೆಂಡ್ ಆಫ್‌ಗೆ ಬಾರದೇ ಉಳಿದ ಒಬ್ಬನನ್ನ ನಾನು ಬಲ್ಲೆ. ಅವನು ಬಾರದೇ ಇದ್ದದ್ದಕ್ಕೆ ಕಾರಣಗಳಲ್ಲಿ ನಾನೂ ಒಬ್ಬ. ಆ ಕತೆಗೆ ಕೊನೆಯಲ್ಲಿ ಬರ್ತೀನಿ. ಅದಕ್ಕೂ ಮೊದಲು ಈ ಸೆಂಡ್ ಆಫ್ ಅನ್ನೋದು ಏನು, ಯಾಕೆ ಹತ್ತನೇ ಕ್ಲಾಸಿಗೇ ಇಷ್ಟು ದೊಡ್ಡದಾಯ್ತು, ಅದರ ಪದ್ಧತಿಗಳು ಎಲ್ಲಿಂದ ಬಂದವು ಅಂತ ನೋಡೋಣ.

ಹತ್ತಕ್ಕೇ ಯಾಕಿಷ್ಟು ಅಳು?

ಪಿಯುಸಿ ಮುಗಿದಾಗ ಯಾರೂ ಅಷ್ಟು ಅಳೋದಿಲ್ಲ. ನಾನು ಬಿ.ಕಾಂ ಮುಗಿಸಿದಾಗಂತೂ ಕೊನೇ ದಿನ ಯಾವುದು ಅಂತಾನೇ ಗೊತ್ತಾಗಲಿಲ್ಲ. ಕೊನೇ ಪೇಪರ್ ಬರೆದು, ಕ್ಯಾಂಟೀನಲ್ಲಿ ಟೀ ಕುಡಿದು, ಬಸ್ ಹತ್ತಿ ಬಂದೆ. ಆದರೆ ಹತ್ತನೇ ಕ್ಲಾಸಿನ ಸೆಂಡ್ ಆಫ್‌ನಲ್ಲಿ ವರ್ಷಪೂರ್ತಿ ಜಗಳ ಆಡಿದವರೂ ಒಬ್ಬರನ್ನೊಬ್ಬರು ಹಿಡ್ಕೊಂಡು ಅಳ್ತಾರೆ.

ವಯಸ್ಸು ಅಂತೀರಾ? ಸ್ವಲ್ಪ ಮಟ್ಟಿಗೆ ಹೌದು. ಆದರೆ ನಿಜವಾದ ಕಾರಣ ನಮ್ಮ ಶಿಕ್ಷಣದ ರಚನೆಯಲ್ಲೇ ಇದೆ. ಸಿಬಿಎಸ್‌ಇ ಶಾಲೆಗಳಲ್ಲಿ ಎಷ್ಟೋ ಕಡೆ ಹನ್ನೆರಡರವರೆಗೂ ಅದೇ ಕಟ್ಟಡ, ಅದೇ ಗೇಟು. ಅಮೆರಿಕದಲ್ಲೂ ಹೈಸ್ಕೂಲ್ ಮುಗಿಯೋದು ಹನ್ನೆರಡಕ್ಕೆ. ಅವರ ಪ್ರಾಮ್ ಪಾರ್ಟಿ, ಗ್ರಾಜುಯೇಷನ್ ಟೋಪಿ ಎಲ್ಲ ಹದಿನೇಳು ಹದಿನೆಂಟನೇ ವಯಸ್ಸಿನದು. ನಮ್ಮ ರಾಜ್ಯದಲ್ಲಿ ಹಾಗಲ್ಲ. ಎಸ್‌ಎಸ್‌ಎಲ್‌ಸಿ ಆಯ್ತಾ, ಟಿಸಿ ತಗೊಂಡು ಶಾಲೆಯಿಂದ ಹೊರಗೆ. ಪಿಯುಸಿಗೆ ಬೇರೆ ಕಾಲೇಜು, ಬೇರೆ ಅರ್ಜಿ, ಬೇರೆ ಫೀಸು. ಹೈಸ್ಕೂಲು, ಪಿಯು ಎರಡೂ ಒಂದೇ ಕಾಂಪೌಂಡಲ್ಲಿರೋ ಸಂಯುಕ್ತ ಕಾಲೇಜುಗಳು ಇವೆ, ನಿಜ. ಅಲ್ಲೂ ಕೂಡ ಕ್ಲಾಸ್ ಒಡೆದೇ ಒಡೆಯುತ್ತೆ: ಒಬ್ಬ ಸೈನ್ಸ್, ಒಬ್ಬಳು ಕಾಮರ್ಸ್, ಇನ್ನೊಬ್ಬ ಆರ್ಟ್ಸ್, ಕೆಲವರು ಐಟಿಐ, ಡಿಪ್ಲೊಮಾ, ಕೆಲವರು ಸೀದಾ ಕೆಲಸಕ್ಕೆ.

ಹತ್ತರವರೆಗೆ ಹೇಗಿರುತ್ತೆ ನೋಡಿ. ಎಲ್ಲರಿಗೂ ಒಟ್ಟು 625 ಅಂಕ. ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಕ್ಕೆ ತಲಾ 100. ಡಾಕ್ಟರ್ ಮಗಳಿಗೂ ಅಷ್ಟೇ, ಆಟೋ ಓಡಿಸೋರ ಮಗನಿಗೂ ಅಷ್ಟೇ. ಒಂದೇ ಯೂನಿಫಾರ್ಮ್, ಒಂದೇ ಪೈಥಾಗೊರಸ್ ಪ್ರಮೇಯ. ಬೇರೆ ಬೇರೆ ಮನೆಗಳ ಮಕ್ಕಳು ಒಂದೇ ಕೋಣೆಯಲ್ಲಿ ಕೂತು ಒಂದೇ ಪಾಠ ಓದೋ ಕೊನೇ ವರ್ಷ ಅದು. ಆಮೇಲೆ ಯಾರು ಯಾರ ಪಕ್ಕ ಕೂರ್ತಾರೆ ಅನ್ನೋದನ್ನ ಅಂಕ ಮತ್ತು ಫೀಸು ತೀರ್ಮಾನ ಮಾಡುತ್ತವೆ.

ಇನ್ನೂ ಒಂದು ಲೆಕ್ಕ ಇದೆ. 2024ರ ಎಸ್‌ಎಸ್‌ಎಲ್‌ಸಿ ಪರೀಕ್ಷೆ-1ರಲ್ಲಿ ರಾಜ್ಯದಲ್ಲಿ ಪಾಸಾದವರು ಶೇ. 73.40. ಅಂದ್ರೆ ನೂರು ಮಕ್ಕಳಲ್ಲಿ ಇಪ್ಪತ್ತಾರಕ್ಕೂ ಹೆಚ್ಚು ಮಂದಿ ಮೊದಲ ಯತ್ನದಲ್ಲಿ ದಾಟಲಿಲ್ಲ. ನಲವತ್ತು ಮಕ್ಕಳ ಕ್ಲಾಸಲ್ಲಿ ಸುಮಾರು ಹತ್ತು ಜನ. ಸೆಂಡ್ ಆಫ್ ಫೋಟೋದಲ್ಲಿ ಅವರೂ ನಗ್ತಾ ಇರ್ತಾರೆ. ಮೇ ತಿಂಗಳಲ್ಲಿ ಏನು ಅಂತ ಫೆಬ್ರವರಿಯಲ್ಲಿ ಯಾರಿಗೂ ಗೊತ್ತಿರಲ್ಲ.

ಪರೀಕ್ಷೆಗೆ ಮೊದಲೇ ವಿದಾಯ ಯಾಕೆ?

ಇದು ಹೊರಗಿನವರಿಗೆ ವಿಚಿತ್ರ ಅನ್ನಿಸುತ್ತೆ. ಎಲ್ಲಾ ಮುಗಿದ ಮೇಲೆ ಪಾರ್ಟಿ ಮಾಡೋದು ಬಿಟ್ಟು, ಪರೀಕ್ಷೆ ತಲೆ ಮೇಲಿರುವಾಗ ಯಾಕೆ?

2025ರಲ್ಲಿ ಪರೀಕ್ಷೆ-1 ನಡೆದದ್ದು ಮಾರ್ಚ್ 21ರಿಂದ ಏಪ್ರಿಲ್ 4ರವರೆಗೆ. ಫೆಬ್ರವರಿಯಿಂದ ಮಾರ್ಚ್ ಮೊದಲ ವಾರದೊಳಗೆ ಪೂರ್ವಸಿದ್ಧತಾ ಪರೀಕ್ಷೆ ಮುಗಿದು, ಪಾಠ ಮುಗಿದು, ಮಕ್ಕಳು ಓದೋಕೆ ಮನೇಲಿ ಕೂರೋ ಹೊತ್ತು. ಅಷ್ಟರೊಳಗೆ ಸೆಂಡ್ ಆಫ್ ಆಗಬೇಕು. ಯಾಕಂದ್ರೆ ಪರೀಕ್ಷೆಗೆ ಎಷ್ಟೋ ಮಕ್ಕಳಿಗೆ ಕೇಂದ್ರ ಬೀಳೋದು ಬೇರೆ ಶಾಲೆಯಲ್ಲಿ. ರಿಜಿಸ್ಟರ್ ನಂಬರ್ ಪ್ರಕಾರ ಕೋಣೆ ಬೇರೆ ಬೇರೆ. ಪೇಪರ್ ಮುಗಿದ ತಕ್ಷಣ ಒಬ್ಬರ ಅಪ್ಪ ಗೇಟಲ್ಲಿ ಬೈಕ್ ನಿಲ್ಲಿಸ್ಕೊಂಡಿರ್ತಾರೆ, ಇನ್ನೊಬ್ಬಳಿಗೆ ಬಸ್ ಹೊರಡುತ್ತೆ. ಇಡೀ ಕ್ಲಾಸ್ ಮತ್ತೆ ಒಂದೇ ಕೋಣೆಯಲ್ಲಿ ಸೇರೋ ಅವಕಾಶವೇ ಇಲ್ಲ.

ಶಾಲೆಗೆ ನಿಜವಾಗಿ ಕೊನೇ ಸಲ ಹೋಗೋದು ಟಿಸಿ, ಅಂಕಪಟ್ಟಿ ತರೋಕೆ. ಒಬ್ಬರೇ, ಇಲ್ಲಾಂದ್ರೆ ಅಪ್ಪನ ಜೊತೆ. ಆಫೀಸಿನ ಕಿಟಕಿ ಹತ್ರ ನಿಂತು, ರಿಜಿಸ್ಟರಲ್ಲಿ ಸಹಿ ಮಾಡಿ ಬರೋದು. ಬೆಂಚುಗಳು ಖಾಲಿ ಇರ್ತವೆ. ಆ ದಿನಕ್ಕೆ ಭಾಷಣ ಇಲ್ಲ, ಹಾರ ಇಲ್ಲ.

2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆಗಳ ಪದ್ಧತಿ ಬಂತು. ಮೊದಲನೆಯದರಲ್ಲಿ ಆಗದಿದ್ರೆ ಅದೇ ವರ್ಷ ಇನ್ನೆರಡು ಅವಕಾಶ ಇತ್ತು. 'ಸಪ್ಲಿಮೆಂಟರಿ' ಅಂತ ಊರೆಲ್ಲ ಮಾತಾಡೋ ಅವಮಾನ ಸ್ವಲ್ಪ ಕಮ್ಮಿ ಆಯ್ತು. ಒಳ್ಳೇದೇ. ಆದರೆ ಎಲ್ಲರಿಗೂ ಒಂದೇ ದಿನ ಮುಗಿಯುತ್ತೆ ಅನ್ನೋದು ಈಗ ಮೊದಲಿಗಿಂತ ಇನ್ನೂ ಕಮ್ಮಿ. ಹಾಗಾಗಿ ಎಲ್ಲರೂ ಒಟ್ಟಿಗೆ ಮುಗಿಸೋ ದಿನ ಅಂತ ಉಳಿದಿರೋದು ಸೆಂಡ್ ಆಫ್ ಒಂದೇ.

ಆ ದಿನ ಏನೇನು ನಡೆಯುತ್ತೆ

ಆಮಂತ್ರಣದಲ್ಲಿ ಬರೆಯೋದು 'ಬೀಳ್ಕೊಡುಗೆ ಸಮಾರಂಭ' ಅಥವಾ 'ಶುಭ ಹಾರೈಕೆ ಕಾರ್ಯಕ್ರಮ'. ಬಾಯಲ್ಲಿ ಹೇಳೋದು ಸೆಂಡ್ ಆಫ್. ಶಿವಮೊಗ್ಗ, ಭದ್ರಾವತಿ ಎರಡೂ ಕಡೆ ಕ್ರಮ ಹೆಚ್ಚುಕಮ್ಮಿ ಒಂದೇ. ಬೆಳಿಗ್ಗೆ ಸರಸ್ವತಿ ಫೋಟೋಗೆ ಹೂವು, ಕೆಲವು ಶಾಲೆಗಳಲ್ಲಿ ಹಾಲ್ ಟಿಕೆಟ್ ಮತ್ತು ಪೆನ್ ಇಟ್ಟು ಪೂಜೆ. ಎಂಟು, ಒಂಬತ್ತನೇ ಕ್ಲಾಸಿನವರ ಪ್ರಾರ್ಥನೆ, ಸ್ವಾಗತ. ಹೆಡ್‌ಮಾಸ್ಟರ್ ಭಾಷಣ. ಆಮೇಲೆ 'ಅನಿಸಿಕೆ'. ಮೈಕ್ ಮುಂದೆ ಬಂದು "ಎಲ್ಲರಿಗೂ ನಮಸ್ಕಾರ, ನಾನು ಈ ಶಾಲೆಗೆ ಬಂದಾಗ..." ಅಂತ ಶುರು ಮಾಡಿ ಎರಡನೇ ವಾಕ್ಯಕ್ಕೆ ಗಂಟಲು ಕಟ್ಟೋದು ಅಲ್ಲೇ. ವರ್ಷವಿಡೀ ಬೈದ ಗಣಿತದ ಮೇಷ್ಟ್ರು ಕನ್ನಡಕ ಒರೆಸ್ಕೊಳ್ಳೋದೂ ಅಲ್ಲೇ.

ಕೆಲವು ಶಾಲೆಗಳಲ್ಲಿ ದೀಪ ಹಸ್ತಾಂತರ ಮಾಡ್ತಾರೆ. ಹತ್ತನೇಯವರು ಹಚ್ಚಿದ ದೀಪವನ್ನ ಒಂಬತ್ತನೇಯವರ ಕೈಗೆ ಕೊಡೋದು. ಶಾಲೆ ಇನ್ನು ನಿಮ್ಮದು ಅಂತ ಅರ್ಥ.

ಆಮೇಲೆ ಶಾಲೆಗೆ ಕಾಣಿಕೆ. ಯಾವುದೇ ಹಳೇ ಶಾಲೆಯ ಸ್ಟಾಫ್ ರೂಮಿಗೆ ಹೋಗಿ ನೋಡಿ: ಗೋಡೆ ಗಡಿಯಾರ, ಕಪಾಟು, ನೀರಿನ ಫಿಲ್ಟರ್, ಭಾಷಣದ ಸ್ಟ್ಯಾಂಡು. ಎಲ್ಲದರ ಮೇಲೂ ಬಣ್ಣದಲ್ಲಿ ಬರೆದಿರುತ್ತೆ, ಇಂಥಾ ಸಾಲಿನ ಎಸ್‌ಎಸ್‌ಎಲ್‌ಸಿ ವಿದ್ಯಾರ್ಥಿಗಳ ಕೊಡುಗೆ ಅಂತ. ಯಾರ ಹೆಸರೂ ಇರಲ್ಲ, ಇಸವಿ ಮಾತ್ರ. ಹೆಚ್ಚು ಕೊಟ್ಟವರು, ಕಮ್ಮಿ ಕೊಟ್ಟವರು ಅಂತ ಆ ಗಡಿಯಾರದ ಮೇಲೆ ಬರೆದಿರಲ್ಲ. ಈ ಮಾತು ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಕೊನೆಗೆ ಗ್ರೂಪ್ ಫೋಟೋ. ಮುಂದೆ ಕುರ್ಚಿಗಳಲ್ಲಿ ಟೀಚರ್‌ಗಳು, ನಡುವೆ ಹೆಡ್‌ಮಾಸ್ಟರ್, ಹಿಂದೆ ಬೆಂಚಿನ ಮೇಲೆ ಉದ್ದದವರು. ಹುಡುಗಿಯರು ಅಮ್ಮನ ಅಥವಾ ಅಕ್ಕನ ಸೀರೆ ಉಟ್ಟು ಬರೋದು, ಹುಡುಗರು ಬಿಳಿ ಶರ್ಟು, ಪಂಚೆಯಲ್ಲಿ ಬರೋದು ಈಗ ರೂಢಿ. ಅದಾದ ಮೇಲೆ ತ್ಯಾವರೆಕೊಪ್ಪದ ಸಫಾರಿಗೋ, ಸಕ್ರೆಬೈಲಿನ ಆನೆ ಬಿಡಾರಕ್ಕೋ ಹೋಗಿ ಬರೋಣ ಅಂತ ಒಂದು ಪ್ಲ್ಯಾನ್ ಆಗುತ್ತೆ, ಮನೆಯವರು ಬೇಡ ಅಂತಾರೆ, ಪ್ಲ್ಯಾನ್ ಅಲ್ಲಿಗೇ ನಿಲ್ಲುತ್ತೆ.

ಆಟೋಗ್ರಾಫ್, ಸ್ಲ್ಯಾಮ್ ಬುಕ್, ಸ್ಟೋರಿ

ನಾನು ಹತ್ತನೇ ಕ್ಲಾಸ್ ಮುಗಿಸಿದ್ದು 2013ರಲ್ಲಿ, ಭದ್ರಾವತಿಯಲ್ಲಿ. ಆಗ ಜನವರಿ ಬಂತು ಅಂದ್ರೆ ಸ್ಟೇಷನರಿ ಅಂಗಡಿಗಳಲ್ಲಿ ಸ್ಲ್ಯಾಮ್ ಬುಕ್ ನೇತಾಡ್ತಿತ್ತು. ಚೆನ್ನಾಗಿರೋದು ಬೇಕು ಅಂದ್ರೆ ಬಿ.ಎಚ್. ರಸ್ತೆಯಲ್ಲಿ ಬಸ್ ಹತ್ತಿ ಶಿವಮೊಗ್ಗಕ್ಕೆ, ಗಾಂಧಿ ಬಜಾರಿಗೋ ದುರ್ಗಿಗುಡಿಗೋ ಬರ್ತಿದ್ವಿ. ಸುಮಾರು 20 ಕಿಲೋಮೀಟರ್ ದಾರಿ. ನಿಮ್ಮ ಇಷ್ಟದ ಬಣ್ಣ, ಇಷ್ಟದ ಹೀರೋ, ನನ್ನ ಬಗ್ಗೆ ಎರಡು ಮಾತು. ಆ 'ಎರಡು ಮಾತು' ಕಾಲಂ ಓದೋಕೇ ಪುಸ್ತಕ ತಗೊಂಡಿರ್ತಿದ್ವಿ.

ನಮ್ಮ ಅಪ್ಪ ಅಮ್ಮಂದಿರ ಕಾಲದಲ್ಲಿ ಪ್ರಶ್ನೆ ಇರಲಿಲ್ಲ, ಬರೀ ಬಣ್ಣಬಣ್ಣದ ಖಾಲಿ ಹಾಳೆಯ ಆಟೋಗ್ರಾಫ್ ಪುಸ್ತಕ. ಇದರ ಬೇರು ಹುಡುಕ್ತಾ ಹೋದ್ರೆ ಹದಿನಾರನೇ ಶತಮಾನದ ಜರ್ಮನಿಗೆ ಹೋಗುತ್ತೆ. ಅಲ್ಲಿನ ವಿಟೆನ್‌ಬರ್ಗ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಊರು ಬಿಡೋ ಮೊದಲು ಗುರುಗಳ ಹತ್ರ, ಗೆಳೆಯರ ಹತ್ರ ಪುಸ್ತಕದಲ್ಲಿ ಒಂದೆರಡು ಸಾಲು, ಸಹಿ ಬರೆಸ್ಕೊಳ್ತಿದ್ರು. ಅದನ್ನ 'ಸ್ಟಾಂಬುಕ್' ಅಂತಿದ್ರು. ಮಾರ್ಟಿನ್ ಲೂಥರ್ ಕೂಡ ಹಾಗೆ ಬರೆದುಕೊಟ್ಟಿದ್ದಾರೆ. ನಾವು ಮೇಷ್ಟ್ರ ಹತ್ರ 'ಸಾರ್, ಒಂದು ಆಟೋಗ್ರಾಫ್' ಅಂತ ನಿಲ್ತಿದ್ದದ್ದು ಅದೇ ಅಭ್ಯಾಸದ ತುಂಡು.

ಕನ್ನಡದವರಿಗೆ ಆಟೋಗ್ರಾಫ್ ಅಂದ ಕೂಡಲೇ ನೆನಪಾಗೋದು 2006ರ 'ಮೈ ಆಟೋಗ್ರಾಫ್' ಸಿನಿಮಾ. ಚೇರನ್ ಅವರ ತಮಿಳಿನ 'ಆಟೋಗ್ರಾಫ್' ಅನ್ನ ಕನ್ನಡಕ್ಕೆ ತಂದು, ನಟಿಸಿ ನಿರ್ದೇಶನ ಮಾಡಿದ್ದು ನಮ್ಮ ಶಿವಮೊಗ್ಗದವರೇ ಆದ ಸುದೀಪ್. ಮದುವೆ ಕಾರ್ಡ್ ಹಂಚೋ ನೆಪದಲ್ಲಿ ಹಳೇ ಸ್ನೇಹಿತರನ್ನ ಹುಡುಕ್ಕೊಂಡು ಹೋಗೋ ಕತೆ.

ಈಗ ಸ್ಲ್ಯಾಮ್ ಬುಕ್ ಜಾಗಕ್ಕೆ ಇನ್‌ಸ್ಟಾಗ್ರಾಂ ಸ್ಟೋರಿ, ರೀಲ್ಸ್. ಸಂಪರ್ಕ ಕಳೆದುಹೋಗೋ ಭಯ ಈಗಿಲ್ಲ, ಎಲ್ಲರೂ ಫೋನಲ್ಲೇ ಇದ್ದಾರೆ ಅಂತ ನಾವು ಅಂದ್ಕೊಳ್ತೀವಿ. ಆದರೆ ಸ್ಲ್ಯಾಮ್ ಬುಕ್‌ಗೂ ಸ್ಟೋರಿಗೂ ಒಂದು ವ್ಯತ್ಯಾಸ ಇದೆ. ಪುಸ್ತಕ ಕ್ಲಾಸಿನ ಎಲ್ಲರ ಕೈಗೂ ಹೋಗ್ತಿತ್ತು, ಮಾತಾಡದೇ ಇರೋರ ಕೈಗೂ. ಸ್ಟೋರಿಯಲ್ಲಿ ಟ್ಯಾಗ್ ಆಗೋದು ನಮ್ಮ ಗ್ಯಾಂಗ್ ಮಾತ್ರ. ಫೋನ್ ಇಲ್ಲದವರು ಅಲ್ಲಿ ಇಲ್ಲವೇ ಇಲ್ಲ.

ಕೊನೇ ಪೇಪರ್, ಇಂಕು ಮತ್ತು ಬಿಳಿ ಶರ್ಟು

ಸೆಂಡ್ ಆಫ್ ಶಾಲೆ ಮಾಡೋದು. ಕೊನೇ ಪೇಪರ್ ದಿನದ ಹಬ್ಬ ಮಕ್ಕಳೇ ಮಾಡ್ಕೊಳ್ಳೋದು. ಪರೀಕ್ಷಾ ಕೇಂದ್ರದ ಗೇಟಿಂದ ಹೊರಗೆ ಬಂದ ಕೂಡಲೇ ಪೆನ್ನಿನ ಇಂಕು ಎರಚೋದು, ಸ್ಕೆಚ್ ಪೆನ್ನಲ್ಲಿ ಬಿಳಿ ಶರ್ಟಿನ ಮೇಲೆ ಹೆಸರು ಬರೆಸ್ಕೊಳ್ಳೋದು. ಹೋಳಿ ಹತ್ರದಲ್ಲೇ ಬಂದ್ರೆ ಬಣ್ಣವೂ ಸೇರುತ್ತೆ.

ಇದಕ್ಕೆ ಬೈಯೋರು ಜಾಸ್ತಿ. ರಸ್ತೇಲಿ ಹೋಗೋರ ಮೇಲೆ ಎರಚಿದ್ರೆ, ಬೇಡ ಅಂದವರ ಮೇಲೆ ಎರಚಿದ್ರೆ ಬೈಯಲೇಬೇಕು. ಆದರೆ ಶರ್ಟಿನ ಮೇಲೆ ಬರೆಸ್ಕೊಳ್ಳೋದರ ಹಿಂದಿನ ಆಸೆ ನನಗೆ ಅರ್ಥ ಆಗುತ್ತೆ. ಜಪಾನಿನಲ್ಲೂ ಶಾಲಾ ವರ್ಷ ಮುಗಿಯೋದು ಮಾರ್ಚಲ್ಲೇ. ಅಲ್ಲಿ ಪದವಿ ಸಮಾರಂಭದ ದಿನ ಹುಡುಗನ ಯೂನಿಫಾರ್ಮಿನ ಎರಡನೇ ಗುಂಡಿಯನ್ನ ಇಷ್ಟಪಟ್ಟ ಹುಡುಗಿ ಕೇಳಿ ಪಡೆಯೋ ಪದ್ಧತಿ ಇದೆ. ಎದೆಗೆ ಹತ್ತಿರದ ಗುಂಡಿ ಅಂತ. ನಮ್ಮಲ್ಲಿ ಗುಂಡಿ ಕೊಡಲ್ಲ, ಬೆನ್ನು ಕೊಡ್ತೀವಿ, 'ಬರಿ ಮಾರಾಯ' ಅಂತ. ನಾಳೆಯಿಂದ ಬೇಡವಾದ ಯೂನಿಫಾರ್ಮನ್ನ ನೆನಪಿಗೆ ಉಳಿಸ್ಕೊಳ್ಳೋ ದಾರಿ ಎರಡೂ. ಇಲ್ಲೂ ಒಂದು ಮಾತಿದೆ: ಆ ಶರ್ಟು ತಮ್ಮನಿಗೆ ಬೇಕಾಗಿರೋ ಮನೆಗಳೂ ಇರ್ತವೆ. ಅಂಥ ಹುಡುಗ ಗುಂಪಿನಿಂದ ದೂರ ನಿಂತ್ಕೊಂಡಿದ್ರೆ ಅವನಿಗೆ ಜಂಬ ಅಂತ ತಿಳೀಬೇಡಿ.

ಸೆಂಡ್ ಆಫ್ ಸಿಗದ ಬ್ಯಾಚು, ಖಾಲಿಯಾದ ಕ್ವಾರ್ಟರ್ಸು

ಒಂದು ಪದ್ಧತಿಗೆ ಬೆಲೆ ಗೊತ್ತಾಗೋದು ಅದು ತಪ್ಪಿದಾಗ. 2020ರಲ್ಲಿ ಎಸ್‌ಎಸ್‌ಎಲ್‌ಸಿ ಶುರುವಾಗಬೇಕಿದ್ದದ್ದು ಮಾರ್ಚ್ 27ಕ್ಕೆ. ಲಾಕ್‌ಡೌನ್ ಬಂತು, ಪರೀಕ್ಷೆ ಜೂನ್ 25ಕ್ಕೆ ಹೋಯ್ತು. ಮುಂದಿನ ವರ್ಷದವರ ಕತೆ ಇನ್ನೂ ಬೇರೆ. 2021ರ ಜನವರಿಯಲ್ಲಿ ಶಾಲೆ ತೆರೆದು, ಏಪ್ರಿಲ್ ಹೊತ್ತಿಗೆ ಎರಡನೇ ಅಲೆಗೆ ಮತ್ತೆ ಬಾಗಿಲು ಹಾಕಿ, ಕೊನೆಗೆ ಜುಲೈ 19 ಮತ್ತು 22, ಎರಡೇ ದಿನದಲ್ಲಿ ಬಹು ಆಯ್ಕೆ ಪ್ರಶ್ನೆಗಳ ಪರೀಕ್ಷೆ. ಹೆಚ್ಚುಕಮ್ಮಿ ಎಲ್ಲರೂ ಪಾಸು. ಆದರೆ ಮಾಸ್ಕ್ ಹಾಕ್ಕೊಂಡು ಬಂದು, ಬರೆದು, ದೂರ ದೂರ ನಡ್ಕೊಂಡು ಹೋದರು. ಆ ಬ್ಯಾಚಿನವರು ಈಗ ಡಿಗ್ರಿ ಮುಗಿಸೋ ವಯಸ್ಸಿನವರು. ನಮ್ಮ ಕೇಳುಗರಲ್ಲಿ ತುಂಬಾ ಜನ ಇದ್ದೀರಿ. ನಿಮ್ಮನ್ನ 'ಪುಕ್ಸಟ್ಟೆ ಪಾಸು' ಅಂತ ಗೇಲಿ ಮಾಡೋರು ನಿಮಗೆ ಏನು ತಪ್ಪಿಹೋಯ್ತು ಅಂತ ಕೇಳಿದ್ದು ಕಮ್ಮಿ.

ಭದ್ರಾವತಿಗೆ ಇನ್ನೊಂದು ತರದ ವಿದಾಯವೂ ಗೊತ್ತು. 1923ರಲ್ಲಿ ಉತ್ಪಾದನೆ ಶುರು ಮಾಡಿದ ಕಬ್ಬಿಣದ ಕಾರ್ಖಾನೆ, ಈಗಿನ ವಿಐಎಸ್‌ಎಲ್. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ, ಎಂಪಿಎಂ. ಊರಿನ ನ್ಯೂ ಟೌನ್, ಪೇಪರ್ ಟೌನ್ ಅನ್ನೋ ಹೆಸರುಗಳೇ ಇವುಗಳ ನೆನಪು. 2015ರ ಕೊನೆಯಲ್ಲಿ ಎಂಪಿಎಂನಲ್ಲಿ ಉತ್ಪಾದನೆ ನಿಂತಿತು. 2023ರ ಜನವರಿಯಲ್ಲಿ ವಿಐಎಸ್‌ಎಲ್ ಮುಚ್ಚೋ ತೀರ್ಮಾನದ ಸುದ್ದಿ ಬಂದು ಕಾರ್ಮಿಕರು ಬೀದಿಗಿಳಿದರು. ಅದೇ ವರ್ಷ ಆಗಸ್ಟಲ್ಲಿ ಒಂದು ಭಾಗ ಮತ್ತೆ ಚಾಲೂ ಆಯ್ತು. ಇಂಥಾ ಊರಲ್ಲಿ ಅಪ್ಪನ ಕೆಲಸದ ಜೊತೆಗೆ ಮಕ್ಕಳ ಶಾಲೆಯೂ ಅಲ್ಲಾಡುತ್ತೆ. ಕ್ವಾರ್ಟರ್ಸ್ ಬಿಟ್ಟು ಬೆಂಗಳೂರು, ಮೈಸೂರು ಅಂತ ಹೊರಟವರ ಮಕ್ಕಳಿಗೆ ಎಂಟನೇ ಕ್ಲಾಸಿನ ನಡುವೆಯೇ ಟಿಸಿ. ಅವರಿಗೆ ಯಾರೂ ಹಾರ ಹಾಕಿ ಕಳಿಸ್ಕೊಡಲ್ಲ. ಕೊನೇವರೆಗೂ ಒಟ್ಟಿಗೆ ಉಳಿದ ಕ್ಲಾಸಿಗೆ ಸೆಂಡ್ ಆಫ್ ಅಂದ್ರೆ ಯಾಕೆ ದೊಡ್ಡದು ಅಂತ ಅಲ್ಲಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ಲೆಕ್ಕದ ನೋಟ್‌ಬುಕ್

ಈಗ ಆ ಕತೆ. ನಾನು ಕ್ಲಾಸ್ ಲೀಡರ್. ದುಡ್ಡು ಸೇರಿಸೋ ಕೆಲಸ ನಂದು. ಕಾಮರ್ಸ್ ತಗೊಳ್ಳೋಕೆ ಮುಂಚೇನೇ ಲೆಕ್ಕ ಬರೆಯೋ ಹುಚ್ಚು. ನೂರು ಪುಟದ ಒಂದು ನೋಟ್‌ಬುಕ್ ಇಟ್ಟಿದ್ದೆ. ಮನೆಯ ಅಟ್ಟದಲ್ಲಿ ಅದು ಈಗಲೂ ಇದೆ, ಹೋದ ತಿಂಗಳು ತೆಗೆದು ನೋಡಿದೆ.

ಕ್ಲಾಸಲ್ಲಿ 46 ಜನ. ತಲಾ 150 ರೂಪಾಯಿ. ಕೊಟ್ಟವರು 42. ಒಟ್ಟು 6,300.

ಖರ್ಚು: ಉಪ್ಪಿಟ್ಟು, ಕೇಸರಿಬಾತು, 80 ಪ್ಲೇಟು, ಪ್ಲೇಟಿಗೆ 30ರಂತೆ 2,400. ಹನ್ನೆರಡು ಟೀಚರ್‌ಗಳಿಗೆ ಕಾಣಿಕೆ, ತಲಾ 100, ಒಟ್ಟು 1,200. ಮೈಕ್‌ಸೆಟ್ 800. ಶಾಲೆಗೆ ಗಡಿಯಾರ 650. ಹೂವು, ಬಲೂನು, ಬಣ್ಣದ ಕಾಗದ 500. ಎಲ್ಲ ಕೂಡಿ 5,550.

ಉಳಿಕೆ 750 ರೂಪಾಯಿ. ಅದರ ಮುಂದೆ ನನ್ನದೇ ಕೈಬರಹದಲ್ಲಿ ಬರೆದಿದೆ: ಗೋಬಿ ಮಂಚೂರಿ.

ಬಾರದೇ ಉಳಿದವರು ನಾಲ್ಕು ಜನ. ನಾಲ್ಕು ಗುಣಿಸು 150, ಆರುನೂರು. ಅವರ ದುಡ್ಡು ಬೇಕಾಗಿರಲೇ ಇಲ್ಲ. ಅವರು ಬಂದಿದ್ರೂ ತಿಂಡಿ ಸಾಕಾಗ್ತಿತ್ತು, ಮೇಲೆ ದುಡ್ಡೂ ಉಳೀತಿತ್ತು. ಆ ದಿನ ಸಂಜೆ ನಾವು ಏಳೆಂಟು ಜನ ರಂಗಪ್ಪ ಸರ್ಕಲ್ ಹತ್ರ ಗೋಬಿ ತಿಂತಾ ನಿಂತಾಗ ಈ ಲೆಕ್ಕ ನನಗೆ ಹೊಳೆದಿರಲಿಲ್ಲ. ಬಿ.ಕಾಂನಲ್ಲಿ ಮೂರು ವರ್ಷ ಬ್ಯಾಲೆನ್ಸ್ ಶೀಟ್ ಬರೆದ ಮೇಲೂ ಹೊಳೆದಿರಲಿಲ್ಲ.

ಆ ನಾಲ್ವರಲ್ಲಿ ಒಬ್ಬ ನನ್ನ ಬೆಂಚಿನವನು. ಮೂರು ವರ್ಷ ಪಕ್ಕದಲ್ಲೇ ಕೂತವನು. ಅವರಪ್ಪ ಕಾಂಟ್ರ್ಯಾಕ್ಟ್ ಮೇಲೆ ಕೆಲಸಕ್ಕೆ ಹೋಗ್ತಿದ್ರು, ಕೆಲಸ ಇದ್ದ ದಿನ ಸಂಬಳ. ಗ್ರೂಪ್ ಫೋಟೋದಲ್ಲಿ ಅವನಿಲ್ಲ. ನನ್ನ ಸ್ಲ್ಯಾಮ್ ಬುಕ್‌ನಲ್ಲಿ ಅವನಿಗೆ ಅಂತ ಬಿಟ್ಟ ಪುಟ ಖಾಲಿ. ಹುಷಾರಿರಲಿಲ್ಲ ಅಂತ ಅಂದಿದ್ದ, ನಂಬಿದ್ದೆ. ನಂಬೋದು ಸುಲಭವಾಗಿತ್ತು.

ಈ ಎಪಿಸೋಡ್‌ಗೆ ಅಂತ ಅವನಿಗೆ ಫೋನ್ ಮಾಡಿದೆ. ಅವನು ಐಟಿಐ ಮಾಡಿ, ಈಗ ಬೇರೆ ಊರಲ್ಲಿ ಒಳ್ಳೇ ಕೆಲಸದಲ್ಲಿದ್ದಾನೆ. ಲೆಕ್ಕ ಹೇಳಿ, "ಬರೀ ನೂರೈವತ್ತಕ್ಕೆ ಹಿಂಗಾಯ್ತಲ್ಲೋ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ:

"ನೂರೈವತ್ತು ಹೆಂಗೋ ಹೊಂದಿಸ್ತಿದ್ದೆ ಕಣೋ. ನೀನು ಬೋರ್ಡ್ ಮೇಲೆ ಹೆಸರು ಬರೆದ್ಯಲ್ಲ, ಅದಾದ್ಮೇಲೆ ಹೆಂಗೆ ಬರ್ಲಿ?"

ನನಗೆ ಮರೆತೇಹೋಗಿತ್ತು. ದುಡ್ಡು ಕೊಡದವರ ಹೆಸರನ್ನ ಕರಿಹಲಗೆಯ ಮೂಲೆಯಲ್ಲಿ ಬರೆದು, ಸುತ್ತ ಚೌಕ ಹಾಕಿ, 'ಅಳಿಸಬೇಡಿ' ಅಂತ ಬರೆದಿದ್ದೆ. ಟೀಚರ್ ಹೇಳಿದ್ದಲ್ಲ, ಯಾರೂ ಹೇಳಿದ್ದಲ್ಲ. ಲೀಡರ್ ಅಂದ್ರೆ ಹಾಗೆ ಮಾಡಬೇಕು ಅಂದ್ಕೊಂಡಿದ್ದೆ. ಮೂರು ದಿನ ಆ ಹೆಸರುಗಳು ಬೋರ್ಡ್ ಮೇಲಿದ್ದವು. ಪ್ರತಿ ಪೀರಿಯಡ್‌ಗೂ ಬಂದ ಮೇಷ್ಟ್ರು ಆ ಚೌಕ ಬಿಟ್ಟು ಉಳಿದದ್ದನ್ನ ಒರೆಸ್ತಿದ್ರು.

ಸಾರಿ ಅಂದೆ. "ಬಿಡೋ ಮಾರಾಯ, ಎಷ್ಟ್ ವರ್ಷ ಆಯ್ತು" ಅಂದ. ಬಿಡು ಅಂದ, ಆದರೆ ಮರೆತಿದೀನಿ ಅನ್ನಲಿಲ್ಲ.

ಹಾಗಾದ್ರೆ ಏನು ಮಾಡಬಹುದು?

ಸೆಂಡ್ ಆಫ್ ಬೇಡ ಅಂತ ನಾನು ಹೇಳಲ್ಲ. ಎಲ್ಲರೂ ಒಂದೇ ಕೋಣೆಯಲ್ಲಿ ಇರೋ ಕೊನೇ ದಿನ ಅದು ಅಂತ ಇಷ್ಟೊತ್ತು ಹೇಳಿದ್ದೇ ನಾನು. ಅದಕ್ಕೇ ಒಬ್ಬರೂ ಮನೇಲಿ ಉಳೀಬಾರದು. ಈಗ ಒಂಬತ್ತು, ಹತ್ತರಲ್ಲಿರೋರಿಗೆ, ಅದರಲ್ಲೂ ಲೀಡರ್‌ಗಳಿಗೆ, ನಾಲ್ಕು ಮಾತು.

ಒಂದು, ಮೊದಲು ಖರ್ಚು ಬರೀರಿ, ಆಮೇಲೆ ವಂತಿಗೆ ನಿಗದಿ ಮಾಡಿ. ನಾವು ಉಲ್ಟಾ ಮಾಡಿದ್ವಿ. 150 ಅಂತ ಮೊದಲೇ ಹೇಳಿ, ಆಮೇಲೆ ದುಡ್ಡಿಗೆ ತಕ್ಕ ಖರ್ಚು ಹುಡುಕಿದ್ವಿ. ನಮ್ಮ 5,550ನ್ನ 46ಕ್ಕೆ ಭಾಗಿಸಿದ್ರೆ ತಲಾ 120 ರೂಪಾಯಿ ಚಿಲ್ಲರೆ. ಬಲೂನು, ಬಣ್ಣದ ಕಾಗದ ಕೈಬಿಟ್ಟಿದ್ರೆ ಇನ್ನೂ ಕಮ್ಮಿ.

ಎರಡು, ಹೆಸರಿನ ಪಟ್ಟಿ ಬೇಡ. ಒಂದು ಮುಚ್ಚಿದ ಡಬ್ಬಿ ಇಡಿ. ಎಲ್ಲರೂ ಒಬ್ಬೊಬ್ಬರಾಗಿ ಬಂದು ಕವರ್ ಹಾಕಲಿ. ಕೆಲವರು ಹೆಚ್ಚು ಹಾಕ್ತಾರೆ, ಕೆಲವರು ಕಮ್ಮಿ, ಕೆಲವರ ಕವರ್ ಖಾಲಿ ಇರಬಹುದು. ದುಡ್ಡು ಸಾಕಾಗದಿದ್ರೆ ಒಂದು ಐಟಂ ಕಮ್ಮಿ ಮಾಡಿ. ಶಾಲೆಯ ಗಡಿಯಾರದ ಮೇಲೆ ಇಸವಿ ಮಾತ್ರ ಇರುತ್ತೆ ಅಂದೆನಲ್ಲ, ದುಡ್ಡು ಸೇರಿಸೋದೂ ಹಾಗೇ ಇರಲಿ. ಈಗ ಯುಪಿಐ ಬಂದು ಯಾರು ಕೊಟ್ರು, ಯಾರು ಕೊಡಲಿಲ್ಲ ಅನ್ನೋದು ವಾಟ್ಸಾಪ್ ಗ್ರೂಪಲ್ಲಿ ಸ್ಕ್ರೀನ್‌ಶಾಟ್ ಆಗಿ ಬೀಳುತ್ತೆ. ನನ್ನ ಬೋರ್ಡಾದ್ರೂ ಮೂರು ದಿನಕ್ಕೆ ಅಳಿಸಿಹೋಯ್ತು. ಸ್ಕ್ರೀನ್‌ಶಾಟ್ ಅಳಿಯಲ್ಲ.

ಮೂರು, ಡ್ರೆಸ್ ಕೋಡ್. ಸೀರೆ ಚೆಂದ, ಒಪ್ತೀನಿ. ಆದರೆ 'ಎಲ್ಲರೂ ಒಂದೇ ಬಣ್ಣದ ಸೀರೆ' ಅಂತ ಮಾಡಿದ್ರೆ ಅದು ಖರೀದಿ. 'ಮನೇಲಿರೋದು ಉಟ್ಟು ಬನ್ನಿ, ಇಲ್ಲಾ ಯೂನಿಫಾರ್ಮಲ್ಲೇ ಬನ್ನಿ' ಅಂದ್ರೆ ಅದು ಹಬ್ಬ. ಲೀಡರ್‌ಗಳಲ್ಲಿ ಇಬ್ಬರು ಬೇಕಂತಲೇ ಯೂನಿಫಾರ್ಮಲ್ಲಿ ಬನ್ನಿ, ಆಗ ಯಾರೂ ಒಂಟಿ ಆಗಲ್ಲ.

ನಾಲ್ಕು, ಫೋಟೋವನ್ನ ವಂತಿಗೆಯಿಂದ ಬೇರೆ ಇಡಿ. ಪ್ರತಿ ಬೇಕಾದವರು ದುಡ್ಡು ಕೊಟ್ಟು ತಗೊಳ್ಳಲಿ, ಆದರೆ ನಿಲ್ಲೋದು ಎಲ್ಲರೂ ನಿಲ್ಲಲಿ. ಇಪ್ಪತ್ತು ವರ್ಷ ಆದ ಮೇಲೆ ನಮ್ಮ ಕಡೆ 'ಗುರುವಂದನೆ, ಸ್ನೇಹ ಸಮ್ಮಿಲನ' ಅಂತ ಹಳೇ ವಿದ್ಯಾರ್ಥಿಗಳು ಸೇರ್ತಾರಲ್ಲ, ಆಗ ಎಲ್ಲರೂ ಮೊದಲು ಹುಡುಕೋದು ಆ ಫೋಟೋವನ್ನೇ. ಅದರಲ್ಲಿ ತಾನಿಲ್ಲ ಅಂತ ಗೊತ್ತಿರೋನು ಸಮ್ಮಿಲನಕ್ಕೂ ಬರೋಕೆ ಹಿಂದೆಮುಂದೆ ನೋಡ್ತಾನೆ.

ಟೀಚರ್‌ಗಳು ಯಾರಾದ್ರೂ ಕೇಳ್ತಿದ್ರೆ ಒಂದು ವಿನಂತಿ. ದುಡ್ಡಿನ ಕೆಲಸ ಮಕ್ಕಳಿಗೆ ಕೊಡಿ, ಕಲೀಲಿ. ಆದರೆ ಬೋರ್ಡಿನ ಮೂಲೆಯಲ್ಲಿ ಚೌಕ ಹಾಕಿದ ಹೆಸರುಗಳು ಕಂಡ್ರೆ ದಯವಿಟ್ಟು ಅವನ್ನೂ ಒರೆಸಿಬಿಡಿ.

ಇನ್ನು ಆ ಹುಡುಗಿಗೆ ಕೊನೆಗೆ ಏನು ಬರೆದೆ ಅಂತ ಕೇಳಬಹುದು. ಇಷ್ಟು ಬರೆದೆ: "ಹೋಗಮ್ಮ. ಯೂನಿಫಾರ್ಮಲ್ಲೇ ಹೋಗು. ದುಡ್ಡಿನ ವಿಷಯ ನಿನಗೆ ಧೈರ್ಯ ಇರೋ ಒಬ್ಬ ಟೀಚರ್ ಹತ್ರ ಹೇಳು. ಫೋಟೋದಲ್ಲಿ ಮಾತ್ರ ನಿಂತ್ಕೋ. ಮತ್ತೆ ನಿಮ್ಮ ಕ್ಲಾಸ್ ಲೀಡರ್‌ಗೆ ಈ ಎಪಿಸೋಡ್ ಕಳಿಸು, ನಿನ್ನ ಹೆಸರು ಹೇಳಬೇಡ."

ಬ್ಲೂ ಟಿಕ್ ಬಂತು. ಒಂದು ಗಂಟೆ ಬಿಟ್ಟು ಉತ್ತರ ಬಂತು: "ಅಣ್ಣಾ, ಲೀಡರ್ ನಾನೇ."

ಆಮೇಲೆ ಇನ್ನೊಂದು: "ನಾಳೆ 500 ಕ್ಯಾನ್ಸಲ್ ಮಾಡಿಸ್ತೀನಿ."

ನಿಮ್ಮ ಸೆಂಡ್ ಆಫ್ ಫೋಟೋ ಇದ್ರೆ ತೆಗೆದು ನೋಡಿ, ಅದರಲ್ಲಿ ಯಾರಿಲ್ಲ ಅಂತ. ನಂಬರ್ ಇದ್ರೆ ಒಂದು ಫೋನ್ ಮಾಡಿ.